ದರ ನೋಡಿ ಓದಿದ ಕಾಗದಗಳು: ಲೂಸಿ ಸ್ಟೋನ್ ಮನೆಗೆ ಬರೆದದ್ದು

ಒಬರ್ಲಿನ್‌ನಿಂದ ವೆಸ್ಟ್ ಬ್ರೂಕ್‌ಫೀಲ್ಡ್‌ಗೆ ಒಂದು ಹಾಳೆಯ ಕಾಗದ ಮುಟ್ಟಬೇಕಾದರೆ 25 ಸೆಂಟ್. ಎರಡು ಹಾಳೆಯಾದರೆ 50. 1845ರ ಜುಲೈಗೆ ಮುಂಚೆ ಅಮೆರಿಕದಲ್ಲಿದ್ದ ಅಂಚೆ ದರ ಇದು. 400 ಮೈಲಿ ದಾಟಿದ ಕಾಗದಕ್ಕೆಲ್ಲ ಇದೇ ದರ. ಒಬರ್ಲಿನ್ ಇರುವುದು ಒಹಾಯೊ ರಾಜ್ಯದಲ್ಲಿ, ವೆಸ್ಟ್ ಬ್ರೂಕ್‌ಫೀಲ್ಡ್ ದೂರದ ಮ್ಯಾಸಚೂಸೆಟ್ಸ್‌ನಲ್ಲಿ. ಆಗ ಒಬರ್ಲಿನ್ ಕಾಲೇಜಿನಲ್ಲಿ ಓದುತ್ತಿದ್ದ ಲೂಸಿ ಸ್ಟೋನ್‌ಗೆ ಹುಡುಗಿಯರ ಊಟದ ಮನೆಯಲ್ಲಿ ಕೆಲಸ ಮಾಡಿದರೆ ಗಂಟೆಗೆ ಸಿಗುತ್ತಿದ್ದದ್ದು 3 ಸೆಂಟ್. ಲೆಕ್ಕ ಹಾಕಿ ನೋಡಿ. ಒಂದು ಕಾಗದ ಅಂದರೆ ಎಂಟು ಗಂಟೆಗೂ ಜಾಸ್ತಿ ಮುಸುರೆ ತಿಕ್ಕಿದ ಕೂಲಿ.

ಅಮೆರಿಕದಲ್ಲಿ ಹೆಂಗಸರಿಗೂ ವೋಟು ಬೇಕು ಅಂತ ಊರೂರು ಸುತ್ತಿ ಮಾತಾಡಿದವರಲ್ಲಿ ಲೂಸಿ ಸ್ಟೋನ್ ಮೊದಲ ಸಾಲಿನವರು. ಅಂಥವರು ಮನೆಗೆ ಬರೆದ ಕಾಗದ ಕೈಗೆ ಸಿಕ್ಕರೆ ಯಾರೇ ಆಗಲಿ ವೋಟಿನ ಮಾತು ಎಲ್ಲಿದೆ ಅಂತ ಹುಡುಕುತ್ತಾರೆ. ನಾನು ಮೊದಲು ನೋಡಿದ್ದು ಅಂಚೆ ದರವನ್ನು. ಹಳೇ ಚಾಳಿ, ಏನು ಮಾಡೋದು? ಕೆಲಸದ ಬದುಕನ್ನೆಲ್ಲ ಅಂಚೆ ಕಚೇರಿಯ ಕೌಂಟರಿನ ಹಿಂದೆ ಕಳೆದವಳು ನಾನು. ಕಾಗದ ಕಂಡರೆ ಮೊದಲು ತೂಕ, ಆಮೇಲೆ ಚೀಟಿ, ಆಮೇಲೆ ಸೀಲು. ಒಳಗೇನಿದೆ ಅನ್ನುವುದು ನಮಗೆ ಸೇರಿದ್ದಲ್ಲ. ನಿವೃತ್ತಿಯಾದ ಮೇಲೆ ಒಳಗಿರುವುದನ್ನು ಓದುವುದೇ ಕೆಲಸವಾಯಿತು.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2018ರಲ್ಲಿ 'ಬೈ ದ ಪೀಪಲ್' ಅನ್ನುವ ಒಂದು ಯೋಜನೆ ಶುರು ಮಾಡಿತು. ಹಳೆಯ ಕೈಬರಹದ ಪುಟಗಳ ಫೋಟೋ ಹಾಕಿರುತ್ತಾರೆ. ಯಾರು ಬೇಕಾದರೂ ಓದಿ ಟೈಪ್ ಮಾಡಬಹುದು. ಇನ್ನೊಬ್ಬರು ಅದನ್ನು ಪರಿಶೀಲಿಸುತ್ತಾರೆ. ಆಮೇಲೆ ಆ ಪುಟದ ಒಳಗಿನ ಮಾತೂ ಹುಡುಕಿದರೆ ಸಿಗುತ್ತದೆ. ದುಡ್ಡು ಕೊಡುವುದಿಲ್ಲ, ಪರೀಕ್ಷೆ ಇಲ್ಲ, ಯಾವ ದೇಶದವರಾದರೂ ಸರಿ. ಮಗಳು ಸುಮ್ನೆ ಲಿಂಕ್ ಕಳಿಸಿದ್ದಳು. ನಾನು ಬ್ಲ್ಯಾಕ್‌ವೆಲ್ ಕುಟುಂಬದ ಕಾಗದಗಳನ್ನು ಆರಿಸಿಕೊಂಡೆ. ಲೂಸಿ ಮದುವೆಯಾದದ್ದು ಆ ಮನೆಯ ಹೆನ್ರಿಯನ್ನು. ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದ ಮೊದಲ ಹೆಂಗಸು ಎಲಿಜಬೆತ್ ಬ್ಲ್ಯಾಕ್‌ವೆಲ್ ಅವರ ನಾದಿನಿ. ಆ ಮನೆಯಲ್ಲಿ ಎಲ್ಲರೂ ಬರೆಯುವವರೇ, ಒಬ್ಬೊಬ್ಬರದು ಒಂದೊಂದು ಕೈ.

ನಿಯಮ ಸರಳ. ಕಂಡದ್ದನ್ನು ಕಂಡ ಹಾಗೆ ಟೈಪ್ ಮಾಡಬೇಕು. ಕಾಗುಣಿತ ತಪ್ಪಿದ್ದರೂ ತಿದ್ದಬಾರದು. ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಬೇಕು. ಹೊಡೆದು ಹಾಕಿದ ಪದ ಚೌಕ ಕಂಸದ ಒಳಗೆ. ಓದಲಾಗದ ಪದಕ್ಕೆ ಕಂಸದಲ್ಲಿ ಪ್ರಶ್ನೆ ಚಿಹ್ನೆ. ಕೇಳಲು ಸುಲಭ, ಕೂತರೆ ಗೊತ್ತಾಗುತ್ತದೆ. ಆ ಕಾಲದವರ ಎಷ್ಟೋ ಕೈಬರಹದಲ್ಲಿ ಎರಡು ಎಸ್ ಜೊತೆಗೆ ಬಂದರೆ ಮೊದಲನೆಯದು ಉದ್ದಕ್ಕೆ ಕೆಳಗೆ ಇಳಿದಿರುತ್ತದೆ. 'ಮಿಸ್' ಅಂತ ಬರೆದದ್ದು 'ಮಿಫ್ಸ್' ಅಂತ ಕಾಣುತ್ತದೆ. ಕೆಲವರು ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡ ತಿರುಗಿಸಿ, ಬರೆದ ಸಾಲಿನ ಮೇಲೇ ಮತ್ತೆ ಬರೆದಿರುತ್ತಾರೆ. ಮೊದಲ ಸಲ ನೋಡಿದಾಗ ತಲೆ ತಿರುಗಿತು. ಅದಕ್ಕೆ ನಾನು ಕಂಡುಕೊಂಡ ಉಪಾಯ ಇಷ್ಟೇ: ಚಿತ್ರವನ್ನು ಪೂರ್ತಿ ದೊಡ್ಡದು ಮಾಡಬಾರದು. ಸ್ವಲ್ಪ ದೂರದಿಂದ ನೋಡಿದರೆ ಒಂದು ದಿಕ್ಕಿನ ಸಾಲು ಮಾತ್ರ ಕಣ್ಣಿಗೆ ಹತ್ತುತ್ತದೆ. ಅದನ್ನು ಮುಗಿಸಿ, ಚಿತ್ರವನ್ನು ತಿರುಗಿಸಿ, ಇನ್ನೊಂದು ದಿಕ್ಕು ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಓದಲು ಹೋದರೆ ಕೆಟ್ಟಿರಿ.

ಇಷ್ಟು ಒದ್ದಾಡಿ ಯಾಕೆ ಬರೆದರು ಅನ್ನುವುದಕ್ಕೆ ಉತ್ತರ ದರದಲ್ಲೇ ಇದೆ. ಆಗ ತೂಕ ನೋಡುತ್ತಿರಲಿಲ್ಲ, ಹಾಳೆ ಎಣಿಸುತ್ತಿದ್ದರು. ಲಕೋಟೆ ಹಾಕಿದರೆ ಅದೂ ಒಂದು ಹಾಳೆ! ಹಾಗಾಗಿ ಒಂದೇ ಹಾಳೆಯಲ್ಲಿ ಬರೆದು, ನಮ್ಮ ಇನ್‌ಲ್ಯಾಂಡ್ ಲೆಟರ್ ಥರ ಮಡಚಿ, ಹೊರಮೈಗೆ ವಿಳಾಸ ಬರೆದು, ಅರಗು ಹಾಕಿ ಅಂಟಿಸುತ್ತಿದ್ದರು. ಬಿಡಿಸುವಾಗ ಅರಗಿನ ಜೊತೆ ಕಾಗದದ ಚೂರೂ ಕಿತ್ತು ಬರುತ್ತಿತ್ತು. ಹಳೆಯ ಕಾಗದಗಳಲ್ಲಿ ಅಂಚಿನ ಹತ್ತಿರ ತೂತು ಕಂಡರೆ ಅದು ಇಲಿ ಕಡಿದದ್ದು ಅಂತ ತೀರ್ಮಾನಿಸಬೇಡಿ, ಅರಗು ಕಿತ್ತ ಜಾಗ ಇರಬಹುದು. ಅಲ್ಲಿದ್ದ ಪದ ಹೋಯಿತು. ಹಿಂದಿನ ಮುಂದಿನ ಮಾತಿನಿಂದ ಏನೆಂದು ಹೊಳೆದರೂ ತುಂಬುವ ಹಾಗಿಲ್ಲ, ಪ್ರಶ್ನೆ ಚಿಹ್ನೆಯೇ.

ಹೊರಮೈಯ ಮೂಲೆಯಲ್ಲಿ ಕೈಯಲ್ಲಿ ಬರೆದ ಒಂದು ಅಂಕಿ ಇರುತ್ತದೆ. ಅದು ಪೋಸ್ಟ್‌ಮಾಸ್ತರ ಬರೆದ ದರ. 'ಪೇಡ್' ಅಂತ ಗುರುತಿದ್ದರೆ ಕಳಿಸಿದವರು ಕೊಟ್ಟಿದ್ದಾರೆ ಅಂತ. ಇಲ್ಲದಿದ್ದರೆ ಪಡೆದವರು ಕೊಡಬೇಕು. ನಮ್ಮಲ್ಲಿ ಇದಕ್ಕೆ ಬೇರಿಂಗ್ ಕಾಗದ ಅನ್ನುತ್ತೇವೆ. ಚೀಟಿ ಹಚ್ಚದೆ ಹಾಕಿದರೆ ಪಡೆದವರಿಂದ ಎರಡು ಪಟ್ಟು ವಸೂಲಿ. ಬೇರಿಂಗ್ ಬಂತು ಅಂದರೆ ಮನೆಯವರ ಮುಖ ಹೇಗಾಗುತ್ತಿತ್ತು ಅಂತ ಯಾವ ಪೋಸ್ಟ್‌ಮ್ಯಾನ್‌ನನ್ನು ಬೇಕಾದರೂ ಕೇಳಿ. ಆ ಕಾಲದ ಅಮೆರಿಕದಲ್ಲಿ ಮಾತ್ರ ಅದು ದಂಡ ಅಲ್ಲ, ವಾಡಿಕೆ. ಹೆಚ್ಚಿನ ಕಾಗದಗಳು ಹಾಗೇ ಹೋಗುತ್ತಿದ್ದವು.

ಈಗ ಲೂಸಿಯ ಮನೆಗೆ ಬನ್ನಿ. ಅಪ್ಪ ಫ್ರಾನ್ಸಿಸ್ ಸ್ಟೋನ್ ರೈತ, ಅದಕ್ಕೂ ಮುಂಚೆ ಚರ್ಮ ಹದ ಮಾಡುವ ಕೆಲಸ. ಮನೆಯಲ್ಲಿ ಅವರದೇ ಮಾತು, ಅವರ ಕೈಯಲ್ಲೇ ದುಡ್ಡು. ಅಮ್ಮ ಹ್ಯಾನಾ, ಲೂಸಿ ಹುಟ್ಟುವ ಹಿಂದಿನ ಸಂಜೆ ಎಂಟು ಹಸುಗಳ ಹಾಲು ಕರೆದಿದ್ದರಂತೆ. ಮಳೆ ಬರುವ ಹಾಗಿತ್ತು, ಗಂಡಸರೆಲ್ಲ ಹುಲ್ಲು ಒಟ್ಟಲು ಓಡಿದ್ದರು. ಮಗು ಹೆಣ್ಣು ಅಂತ ಗೊತ್ತಾದಾಗ, ಅಯ್ಯೋ ಹೆಣ್ಣಾ, ಹೆಂಗಸಿನ ಬಾಳು ಬಲು ಕಷ್ಟ ಅಂದರಂತೆ. ಅದು 1818ರ ಆಗಸ್ಟ್. ಗಂಡುಮಕ್ಕಳನ್ನು ಕಾಲೇಜಿಗೆ ಕಳಿಸಿದ ಅಪ್ಪ, ಲೂಸಿ ತಾನೂ ಹೋಗುತ್ತೇನೆ ಅಂದಾಗ, ಇವಳಿಗೆ ತಲೆ ಕೆಟ್ಟಿದೆಯಾ ಅಂತ ಹೆಂಡತಿಯನ್ನು ಕೇಳಿದರು. ಲೂಸಿ 16ನೇ ವಯಸ್ಸಿಗೇ ವಾರಕ್ಕೆ ಒಂದು ಡಾಲರ್ ಸಂಬಳಕ್ಕೆ ಮೇಷ್ಟರ ಕೆಲಸಕ್ಕೆ ಸೇರಿದರು. ಅಷ್ಟಷ್ಟೇ ಕೂಡಿಟ್ಟು ಒಬರ್ಲಿನ್ ಮುಟ್ಟುವಾಗ ವಯಸ್ಸು 25. ಹೆಂಗಸರಿಗೂ ಕಪ್ಪು ಜನರಿಗೂ ಬಾಗಿಲು ತೆರೆದಿದ್ದ ಕಾಲೇಜು ಅದು. ಬಫಲೋದಿಂದ ಸರೋವರ ದಾಟುವಾಗ ಹಡಗಿನಲ್ಲಿ ಕೋಣೆಗೆ ಕೊಡಲು ದುಡ್ಡಿರಲಿಲ್ಲ. ಕುದುರೆ, ಸರಕುಗಳ ನಡುವೆ ಧಾನ್ಯದ ಮೂಟೆಗಳ ಮೇಲೆ ಮಲಗಿ ಹೋದರು. ಕಾಲೇಜಿನಲ್ಲಿ ಊಟಕ್ಕೆ ವಾರಕ್ಕೆ ಒಂದು ಡಾಲರ್. ಅದೂ ದುಬಾರಿ ಅಂತ ಕೋಣೆಯಲ್ಲೇ ಬೇಯಿಸಿಕೊಂಡು ವಾರಕ್ಕೆ 50 ಸೆಂಟ್‌ಗಿಂತ ಕಡಿಮೆಯಲ್ಲಿ ಹೊಟ್ಟೆ ತುಂಬಿಸಿಕೊಂಡರು. ನಾಲ್ಕು ವರ್ಷ ಊರಿಗೆ ಹೋಗಲೇ ಇಲ್ಲ.

ಅಂದರೆ ಮನೆಗೂ ಅವರಿಗೂ ಇದ್ದ ದಾರಿ ಕಾಗದ ಒಂದೇ. ಪ್ರತಿ ಕಾಗದಕ್ಕೂ ಯಾರಾದರೊಬ್ಬರು 25 ಸೆಂಟ್ ಬಿಚ್ಚಬೇಕು. ಇವರು ಕೊಟ್ಟರೆ ಅರ್ಧ ವಾರದ ಊಟ ಹೋಯಿತು. ಕೊಡದಿದ್ದರೆ ಆ ಅಪ್ಪನ ಜೇಬಿಗೆ ಕೈ ಹಾಕಿದ ಹಾಗೆ. ಇದನ್ನು ತಲೆಯಲ್ಲಿ ಇಟ್ಟುಕೊಂಡ ಮೇಲೆ ನಾನು ಆ ಕಾಲದ ಕಾಗದಗಳನ್ನು ಓದುವ ರೀತಿಯೇ ಬದಲಾಯಿತು. ಒಂದು ಮಾತೂ ಸುಮ್ಮನೆ ಬಂದದ್ದಲ್ಲ ಅನ್ನಿಸತೊಡಗಿತು. ಯಾವಾಗ ಏಳುತ್ತೇನೆ, ಏನು ತಿನ್ನುತ್ತೇನೆ, ಬಟ್ಟೆ ಎಷ್ಟು ಹರಿದಿದೆ ಎಂಬಂಥ ಸಾಲುಗಳನ್ನು ಹಾರಿಸಿಕೊಂಡು ಹೋಗುವವರೇ ಜಾಸ್ತಿ. ನನಗೆ ಅವೇ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಪಾಠ ಓದಿಕೊಳ್ಳಲು ರಾತ್ರಿ 2 ಗಂಟೆಗೆ ಏಳುತ್ತೇನೆ ಅಂತ ಲೂಸಿ ಒಮ್ಮೆ ಮನೆಗೆ ಬರೆದಿದ್ದರು. ಅದಕ್ಕೆ ಅಪ್ಪ ಕೊಟ್ಟ ಉತ್ತರ ಉಳಿದಿದೆ. ನೀನು 2 ಗಂಟೆಗೆ ಏಳುತ್ತೀಯ ಅಂತ ಓದಿ ನನಗೆ ಹಳೆಯ ಚರ್ಮದ ಕಾರ್ಖಾನೆ ನೆನಪಾಯಿತು, ಅಲ್ಲಿ ನಾನೂ ರಾತ್ರಿ 1-2 ಗಂಟೆಗೇ ಏಳಬೇಕಿತ್ತು, ನನ್ನ ಮಕ್ಕಳಿಗೂ ಇಂಥದ್ದೇ ಬರುತ್ತದೆ ಅಂತ ಆಗ ಎಣಿಸಿರಲಿಲ್ಲ ಅನ್ನುತ್ತಾರೆ. ಆಮೇಲೆ, ದುಡ್ಡಿನ ತೊಂದರೆ ಆಗುವುದಿಲ್ಲ ಅನ್ನುತ್ತಾರೆ. ತಲೆ ಕೆಟ್ಟಿದೆಯಾ ಅಂದಿದ್ದ ಅದೇ ಅಪ್ಪ! ಹೆಣ್ಣುಮಕ್ಕಳಿಗೆ ಓದು ಯಾಕೆ ಬೇಕು ಅನ್ನುವ ವಾದವನ್ನು ಆ ಮನುಷ್ಯ ಮನೆಯಲ್ಲಿ ಕೇಳಿಯೇ ಇದ್ದರು, ಕಿವಿಗೆ ಹಾಕಿಕೊಂಡಿರಲಿಲ್ಲ. ಗಡಿಯಾರದ ಒಂದು ಅಂಕಿ ತಾಗಿತು. ತಾಗಲಿ ಅಂತಲೇ ಬರೆದರೋ, ಹಾಗೇ ಬಂತೋ, ನಾನು ತೀರ್ಪು ಕೊಡುವುದಿಲ್ಲ. ಆದರೆ ಮುಂದೆ ಸಾವಿರಾರು ಜನರನ್ನು ಮಾತಿನಲ್ಲೇ ಒಲಿಸಿಕೊಂಡ ಹೆಂಗಸು ಅಪ್ಪನಿಗೆ ಏನು ಹೇಳಬೇಕು ಅಂತ ತಿಳಿಯದವಳೇನಲ್ಲ, ಅಲ್ವಾ?

ಅಮ್ಮನಿಗೆ ಬರೆದ ಕಾಗದದ ದಾಟಿಯೇ ಬೇರೆ. 1847ರ ಮಾರ್ಚ್‌ನದು. ಅಷ್ಟು ಹೊತ್ತಿಗೆ ದರ ಇಳಿದಿತ್ತು. 300 ಮೈಲಿ ದಾಟಿದರೆ 10 ಸೆಂಟ್, ಹಾಳೆಯ ಬದಲು ಅರ್ಧ ಔನ್ಸ್ ತೂಕದ ಲೆಕ್ಕ. ಕಾಗದ ಸ್ವಲ್ಪ ಉಸಿರಾಡುತ್ತದೆ. ಓದು ಮುಗಿಯುತ್ತ ಬಂದಿದೆ. ಊರೂರಲ್ಲಿ ಭಾಷಣ ಮಾಡುವುದೇ ನನ್ನ ಕೆಲಸ ಅಂತ ಲೂಸಿ ತಿಳಿಸಿದ್ದಾರೆ, ಮನೆಯಲ್ಲಿ ಗದ್ದಲ ಎದ್ದಿದೆ. ಹೆಂಗಸು ಗಂಡಸರ ಮುಂದೆ ನಿಂತು ಮಾತಾಡುವುದೇ ಮಾನಗೇಡು ಅನ್ನುವ ಕಾಲ. ಬೇಕಾದರೆ ಮನೆಮನೆಗೆ ಹೋಗಿ ಹೇಳು, ವೇದಿಕೆ ಬೇಡ ಅನ್ನುವುದು ಅಮ್ಮನ ಮಾತು. ಅಕ್ಕನಿಗೋ ತಂಗಿಗೋ ಬೇಜಾರಾದರೆ ಸಮಾಧಾನ ಮಾಡುವ ಹಾಗೆ ಲೂಸಿ ಶುರು ಮಾಡುತ್ತಾರೆ: ಅಮ್ಮಾ, ನಿನಗೆ ಬೇಸರವಾಗಿದೆ ಅಂತ ಗೊತ್ತು. ಆಮೇಲೆ ಒಂದೊಂದೇ ಬಾಗಿಲು ಮುಚ್ಚುತ್ತಾರೆ. ಸುಖ ಬೇಕಿದ್ದರೆ ಈ ಕೆಲಸಕ್ಕೆ ಬರುತ್ತಿರಲಿಲ್ಲ, ಇದು ಮೈಮುರಿಯುವ ದುಡಿಮೆ. ಹೆಸರು ಬೇಕಿದ್ದರೂ ಬರುತ್ತಿರಲಿಲ್ಲ, ಈಗ ಸ್ನೇಹಿತರಾಗಿರುವ ಕೆಲವರೇ ನನ್ನನ್ನು ದ್ವೇಷಿಸುತ್ತಾರೆ. ದುಡ್ಡು ಬೇಕಿದ್ದರಂತೂ ಮೇಷ್ಟರಾಗಿಯೇ ಇರುತ್ತಿದ್ದೆ. ಕೊನೆಗೆ ಬರುತ್ತದೆ ಆ ಮಾತು: ಗುಲಾಮರ ಪರವಾಗಿ ಮಾತ್ರವಲ್ಲ, ಎಲ್ಲೇ ನೊಂದವರಿದ್ದರೂ ಅವರ ಪರ ಮಾತಾಡುತ್ತೇನೆ, ಅದರಲ್ಲೂ ನನ್ನ ಹೆಣ್ಣುಕುಲದ ಏಳಿಗೆಗೆ ದುಡಿಯುತ್ತೇನೆ.

ಪುಸ್ತಕಗಳಲ್ಲಿ ಎತ್ತಿ ತೋರಿಸುವುದು ಈ ಕೊನೆಯ ಸಾಲನ್ನು. ನನಗೆ ಹಿಡಿಸಿದ್ದು ಅದಕ್ಕೆ ಮುಂಚಿನ ಮೂರು. ಅಮ್ಮ ಕೇಳಬಹುದಾದ ಒಂದೊಂದು ಪ್ರಶ್ನೆಯನ್ನೂ ತಾನೇ ಕೇಳಿ, ತಾನೇ ಉತ್ತರ ಕೊಟ್ಟು ಮುಗಿಸಿದ್ದಾರೆ. ಎದುರಿಗೆ ಕೂತು ಮಾತಾಡಿದರೆ ಅಮ್ಮ ನಡುವೆ ಬಾಯಿ ಹಾಕುತ್ತಿದ್ದರು. ಕಾಗದದಲ್ಲಿ ಹಾಕಲಾಗುವುದಿಲ್ಲ. ಅದೇ ವರ್ಷ ತಮ್ಮ ಪದವಿ ಪ್ರಬಂಧವನ್ನು ತಾವೇ ವೇದಿಕೆಯಲ್ಲಿ ಓದಲು ಕಾಲೇಜು ಬಿಡುವುದಿಲ್ಲ ಅಂತಾದಾಗ ಲೂಸಿ ಪ್ರಬಂಧ ಬರೆಯಲೇ ಇಲ್ಲ. ಅಷ್ಟು ಗಟ್ಟಿ ಮನಸ್ಸಿನವರು ಅಮ್ಮನ ಮುಂದೆ ಎಷ್ಟು ಮೆತ್ತಗೆ ನಡೆದಿದ್ದಾರೆ ನೋಡಿ. ಹೆಂಗಸರ ಹಕ್ಕಿನ ಮೊದಲ ಭಾಷಣ ಮಾಡಿದ್ದು ಆ ವರ್ಷವೇ, ಪಾದ್ರಿಯಾಗಿದ್ದ ಅಣ್ಣ ಬೌಮನ್‌ನ ಚರ್ಚಿನಲ್ಲಿ, ಗಾರ್ಡ್ನರ್ ಊರಲ್ಲಿ. ಮನೆಯವರಲ್ಲಿ ಒಬ್ಬರಾದರೂ ಜಾಗ ಕೊಟ್ಟರು.

ಮುಂದಿನದು ಎಲ್ಲರೂ ಬರೆದಿರುವ ಚರಿತ್ರೆ. ಶನಿವಾರ ಭಾನುವಾರ ಗುಲಾಮಗಿರಿಯ ವಿರುದ್ಧ ಭಾಷಣ, ವಾರದ ಮಿಕ್ಕ ದಿನ ಹೆಂಗಸರ ಪರ. ಚಳಿಗಾಲದ ಒಂದು ಸಭೆಯಲ್ಲಿ ಕಿಟಕಿಯಿಂದ ಪೈಪು ತೂರಿಸಿ ಮೈಮೇಲೆ ತಣ್ಣೀರು ಬಿಟ್ಟರು. ಶಾಲು ಹೊದ್ದುಕೊಂಡು ಮಾತು ಮುಂದುವರಿಸಿದರು. 1850ರಲ್ಲಿ ವೂಸ್ಟರ್‌ನಲ್ಲಿ ಮೊದಲ ರಾಷ್ಟ್ರೀಯ ಮಹಿಳಾ ಹಕ್ಕು ಸಮ್ಮೇಳನ, 1855ರಲ್ಲಿ ಮದುವೆ, 1870ರಲ್ಲಿ ವುಮನ್ಸ್ ಜರ್ನಲ್ ಪತ್ರಿಕೆ. ಇದನ್ನೆಲ್ಲ ಇಲ್ಲಿ ಹಿಗ್ಗಿಸುವುದಿಲ್ಲ.

ಹೆಸರಿನ ವಿಷಯ ಮಾತ್ರ ಹೇಳಲೇಬೇಕು, ಯಾಕೆಂದರೆ ಟೈಪ್ ಮಾಡುವವರಿಗೆ ಅದು ದಿನದ ತಲೆನೋವು. ಮದುವೆಯಾದ ಮೇಲೂ ಲೂಸಿ ಸ್ಟೋನ್ ಆಗಿಯೇ ಉಳಿದರು. ಆಗ ಅದು ಕಂಡು ಕೇಳದ ಸಂಗತಿ. ಗೊತ್ತಿದ್ದೂ 'ಮಿಸೆಸ್ ಬ್ಲ್ಯಾಕ್‌ವೆಲ್' ಅಂತ ಬರೆಯುವವರಿದ್ದರು. ವಿಳಾಸದಲ್ಲಿ ಹಾಗಿದ್ದರೆ ನಾನು ಹಾಗೇ ಟೈಪ್ ಮಾಡಬೇಕು. ಕೈ ಬರುವುದಿಲ್ಲ, ಆದರೂ ಮಾಡಬೇಕು. ಒಂದು ಪುಟ ಪರಿಶೀಲಿಸುವಾಗ ಯಾರೋ ಪುಣ್ಯಾತ್ಮರು ಅದನ್ನು ಅಳಿಸಿ 'ಲೂಸಿ ಸ್ಟೋನ್' ಅಂತ ಹಾಕಿದ್ದರು. ಅವರ ಅಭಿಮಾನ ಅರ್ಥವಾಗುತ್ತದೆ, ನಾನು ಮತ್ತೆ ಹಳೆಯದನ್ನೇ ಹಾಕಿದೆ. ಇನ್ನೊಬ್ಬರು ಯಾವ ಹೆಸರಿನಿಂದ ಕರೆದರು ಅನ್ನುವುದೂ ದಾಖಲೆಯೇ. ಅದೇ ಹೆಸರಿನಿಂದಾಗಿ ಅಲ್ಲವೇ ಅವರ ವೋಟು ಹೋದದ್ದು! 1879ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಶಾಲಾ ಸಮಿತಿ ಚುನಾವಣೆಗೆ ಮಾತ್ರ ಹೆಂಗಸರಿಗೆ ವೋಟು ಕೊಟ್ಟಿತು. ಲೂಸಿ ಹೆಸರು ನೋಂದಾಯಿಸಿದರು. ಗಂಡನ ಹೆಸರು ಸೇರಿಸದಿದ್ದರೆ ಪಟ್ಟಿಯಲ್ಲಿ ಇರುವ ಹಾಗಿಲ್ಲ ಅಂದರು. ಸೇರಿಸಲಿಲ್ಲ, ಹೆಸರು ತೆಗೆದರು. 1893ರಲ್ಲಿ ತೀರಿಕೊಳ್ಳುವವರೆಗೂ ಒಂದು ವೋಟನ್ನೂ ಹಾಕಲಿಲ್ಲ.

ಇಂಥ ಕೆಲಸಕ್ಕೆ ಕೂರುವ ಮನಸ್ಸಿದ್ದರೆ ಎರಡು ಮೂರು ಮಾತು. ಖಾಲಿ ಪುಟದಿಂದ ಶುರು ಮಾಡಬೇಡಿ. ಖಾತೆ ತೆರೆದು, ಬೇರೆಯವರು ಟೈಪ್ ಮಾಡಿದ ಪುಟವನ್ನು ಪರಿಶೀಲಿಸುವುದರಿಂದ ಶುರು ಮಾಡಿ, ಕಣ್ಣು ಪಳಗುತ್ತದೆ. ಒಬ್ಬರದೇ ಕೈಬರಹ ಹಿಡಿದು ಕೂರಿ, ಹತ್ತು ಜನರದು ಬೇಡ. ಓದಲಾಗದ ಪದ ಬಂದರೆ ಅದೇ ಅಕ್ಷರ ಆ ಪುಟದಲ್ಲಿ ಬೇರೆಲ್ಲಿ ಸ್ಪಷ್ಟವಾಗಿದೆ ಅಂತ ಹುಡುಕಿ, ಪಕ್ಕದಲ್ಲಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನೆಯವರ ಹೆಸರುಗಳ ಪಟ್ಟಿಯೂ ಹತ್ತಿರ ಇರಲಿ, ಅರ್ಧ ಒಗಟು ಅಲ್ಲೇ ಬಿಡಿಸುತ್ತದೆ. ವಿಳಾಸದ ಪುಟದಲ್ಲಿ ಏನೂ ಇಲ್ಲ ಅಂತ ತುಂಬಾ ಜನ ಅದನ್ನು ಮುಟ್ಟುವುದೇ ಇಲ್ಲ. ನಾನು ಹುಡುಕಿ ಹುಡುಕಿ ಅವನ್ನೇ ಮೊದಲು ತೆಗೆದುಕೊಳ್ಳುತ್ತೇನೆ.