ಒಂದು ಲೋಟ ಕಡಿಮೆ

ಅಂಗನವಾಡಿ ಟೀಚರ್ ಆದ ಹೊಸದರಲ್ಲಿ ಮಕ್ಕಳಿಗೆ ಮುಂದಾಳತನ ಕಲಿಸೋಣ ಅಂತ ಒಬ್ಬ ಚುರುಕು ಹುಡುಗನನ್ನು ಲೀಡರ್ ಮಾಡಿದ್ದೆ. 5 ವರ್ಷ, ಮಾತಿನ ಮಲ್ಲ. ಒಂದು ದಿನ ಮಕ್ಕಳ ತೂಕ ಬರೆಯುತ್ತಾ ತಲೆ ಎತ್ತಿ ನೋಡಿದರೆ, ಸ್ಕೇಲ್ ಹಿಡಿದು ನಿಂತಿದ್ದಾನೆ. "ಏಯ್, ಕೈ ಕಟ್ಟು! ಬಾಯಿ ಮೇಲೆ ಬೆರಳು!" ದನಿ ನನ್ನದೇ. ಸೊಂಟದ ಮೇಲಿಟ್ಟ ಕೈಯೂ ನನ್ನದೇ. ಮೊದಲು ನಗು ಬಂತು, ಆಮೇಲೆ ನಾಚಿಕೆಯಾಯಿತು.

ಮಾರನೇ ದಿನದಿಂದ ಲೀಡರ್ ಇಲ್ಲ. ಬರೀ ಕೆಲಸ, ದಿನಕ್ಕೊಬ್ಬರ ಸರದಿ. ಚಾಪೆ ಹಾಸೋದು, ಚಪ್ಪಲಿ ಜೋಡಿಸೋದು, ಕ್ಷೀರಭಾಗ್ಯದ ಹಾಲಿಗೆ ಲೋಟ ಹಂಚೋದು. 3 ವರ್ಷದವರ ಜೊತೆಗೆ ಒಂದು ದೊಡ್ಡ ಮಗು ಇರುತ್ತದೆ. ಬಿಸಿ ಹಾಲು ಮಾತ್ರ ಸಹಾಯಕಿ ಅಕ್ಕನೇ ಬಗ್ಗಿಸಬೇಕು. ಲೋಟ ಹಂಚಿದವರು ಕೊನೆಗೆ ಕುಡಿಯಬೇಕು, ಅದೊಂದೇ ನಿಯಮ.

ಜೂನಿನಲ್ಲಿ ಸೇರಿದ ಹುಡುಗಿಯೊಬ್ಬಳು ದಸರಾ ಬಂದರೂ ಬಾಯಿ ಬಿಟ್ಟಿರಲಿಲ್ಲ. ಅವಳ ಸರದಿ ಬಂದಾಗ ಪಾಪ, ಬೇಡ ಅನ್ನಿಸಿತು. ಆದರೂ ಕೊಟ್ಟೆ. ಅವತ್ತು ಲೋಟ ಎಣಿಸಿಡುವಾಗ ನಾನು ತಪ್ಪಿದ್ದೆ. ಕೊನೇ ಹುಡುಗನ ಮುಂದೆ ಅವಳು ಖಾಲಿ ಕೈಯಲ್ಲಿ ನಿಂತಳು. ಎದ್ದು ತಂದುಕೊಡೋಣ ಅಂತ ನನ್ನ ಕೈ ಕಾಲು ತುಡಿಯುತ್ತಿತ್ತು. ಸುಮ್ನೆ ಕೂತೆ. ಅವಳು ಸಾಲನ್ನೊಮ್ಮೆ ನೋಡಿ, ನೇರ ಅಡುಗೆ ಕೋಣೆಗೆ ಹೋಗಿ, ಅಕ್ಕನ ಸೆರಗು ಎಳೆದು ಹೇಳಿದಳು: "ಒಂದು ಲೋಟ ಕಡಿಮೆ."

ಅಲ್ಲಿಂದ ಆಗಾಗ ಬೇಕಂತಲೇ ಒಂದು ಲೋಟ ಕಡಿಮೆ ಇಡುತ್ತೇನೆ. ಒಬ್ಬ ಅಳುತ್ತಾನೆ, ಒಬ್ಬಳು ಮತ್ತೆ ಮೊದಲಿಂದ ಎಣಿಸುತ್ತಾಳೆ, ಇನ್ನೊಬ್ಬ ತನ್ನದನ್ನೇ ಕೊಟ್ಟುಬಿಡುತ್ತಾನೆ. "ನಮ್ಮ ಮಗು ಕೈಲಿ ಚಾಕರಿ ಮಾಡಿಸ್ತೀರಾ?" ಅಂತ ಜಗಳಕ್ಕೆ ಬಂದ ತಾಯಂದಿರೂ ಇದ್ದಾರೆ. ಅವರನ್ನು ಹಾಲಿನ ಹೊತ್ತಿಗೆ ಕರೆದು ಕೂರಿಸಿದೆ. ಅದಕ್ಕಿಂತ ಜಾಸ್ತಿ ವಾದ ಮಾಡಲಿಲ್ಲ.

ಕೆರೆ-ದಡ ಆಟದಲ್ಲೂ ಈಗ ಕೂಗೋದು ಮಕ್ಕಳೇ. ಜೋರಾಗಿ ಕೂಗಿದರೆ ಚಿಕ್ಕವರು ಗಾಬರಿಯಾಗಿ ಬೀಳುತ್ತಾರೆ, ಆಟ ನಿಲ್ಲುತ್ತದೆ. ಎರಡು ಸಲ ನಿಂತರೆ ಸಾಕು, ಮೂರನೇ ಸಲ ತಾವೇ ನಿಧಾನವಾಗಿ ಕೂಗುತ್ತಾರೆ. ನಾನು ಹೇಳಿಕೊಟ್ಟಿದ್ದರೆ ಇಷ್ಟು ಬೇಗ ಕಲಿಯುತ್ತಿರಲಿಲ್ಲ ಬಿಡಿ.

ನಮ್ಮ ಹಳೇ ಲೀಡರನ ಸರದಿಯಲ್ಲೂ ಒಂದು ಲೋಟ ಕಡಿಮೆ ಇಟ್ಟೆ. ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದ. ಆಮೇಲೆ ಪಕ್ಕದವನ ಹೆಗಲ ಮೇಲೆ ಕೈ ಹಾಕಿ, "ಬಾರೋ, ಇಬ್ರೂ ಹೋಗಿ ತರೋಣ" ಅಂದ.