ಮೈನಸ್ 30ರಲ್ಲಿ ಕುದುರೆಗೆ ನೀರು ಕುಡಿಸುವುದು ಹೇಗೆ?

ಚಿಕ್ಕಂದಿನಲ್ಲಿ ಮೈಸೂರಿನ ಟಾಂಗಾದವರು ಕುದುರೆಗೆ ನೀರು ಕುಡಿಸುವುದನ್ನು ನೋಡಿದ್ದೆ. ಕಲ್ಲುಬಾನಿಯ ಹತ್ತಿರ ಗಾಡಿ ನಿಲ್ಲಿಸಿ, ಲಗಾಮು ಸಡಿಲಿಸಿ, ಬೀಡಿ ಹಚ್ಚಿಕೊಂಡರೆ ಮುಗಿಯಿತು. ಅಮೆರಿಕದ ಮಿನ್ನೆಸೋಟದಲ್ಲಿ ಜನವರಿಯ ಬೆಳಿಗ್ಗೆ ಇದೇ ಕೆಲಸಕ್ಕೆ ಸುತ್ತಿಗೆ, ತೂತಿನ ಸೌಟು, ಟಾರ್ಚು ಮತ್ತು ಎರಡು ಜೊತೆ ಕೈಗವಸು ಬೇಕು. ಎರಡು ಜೊತೆ ಯಾಕೆಂದರೆ, ಮೊದಲನೆಯದು ಒದ್ದೆಯಾಗಿಯೇ ತೀರುತ್ತದೆ.

ಮಗಳು ಸವಾರಿ ಕಲಿಯುವ ಲಾಯದಲ್ಲಿ ಫೀಸು ಕೊಂಚ ಇಳಿಯಲಿ ಎಂದು ಶನಿವಾರ, ಭಾನುವಾರದ ಬೆಳಗಿನ ಪಾಳಿ ಒಪ್ಪಿಕೊಂಡು ಮೂರು ಚಳಿಗಾಲ ಕಳೆದವು. 2019ರ ಜನವರಿ 30ರಂದು ಮಿನ್ನಿಯಾಪೊಲಿಸ್‌ನಲ್ಲಿ ಉಷ್ಣಾಂಶ ಮೈನಸ್ 33 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಅಂಥ ಚಳಿ ಪ್ರತಿ ವರ್ಷ ಬರುವುದಿಲ್ಲ, ಆದರೆ ವಾರಗಟ್ಟಲೆ ಸೊನ್ನೆಯಿಂದ ಮೇಲೇಳದಿರುವುದು ಇಲ್ಲಿ ಮಾಮೂಲು. ನನಗೆ ತಡವಾಗಿ ಹೊಳೆದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ: ಐಸ್ ಕಟ್ಟದಂತೆ ತಡೆಯುವುದು ಅರ್ಧ ಕೆಲಸ ಮಾತ್ರ. ತೊಟ್ಟಿಯಲ್ಲಿ ನೀರು ನೀರಾಗಿಯೇ ಇದ್ದರೂ ಕುದುರೆ ಅದನ್ನು ಕುಡಿಯದೇ ಇರಬಹುದು.

ಹಿಮ ತಿಂದರೆ ಸಾಲದೇ?

ಊರಿಗೆ ಫೋನ್ ಮಾಡಿದಾಗಲೆಲ್ಲ ನಮ್ಮಣ್ಣ ಕೇಳುವ ಪ್ರಶ್ನೆ ಇದು. ಸಾಲದು. 450ರಿಂದ 500 ಕೆ.ಜಿ. ತೂಗುವ ಕುದುರೆಗೆ ದಿನಕ್ಕೆ 25ರಿಂದ 40 ಲೀಟರ್ ನೀರು ಬೇಕು. ಬೇಸಿಗೆಯಲ್ಲಿ ಅದು ಮೇಯುವ ಹಸಿ ಹುಲ್ಲಿನಲ್ಲೇ ಮುಕ್ಕಾಲು ಭಾಗ ನೀರಿರುತ್ತದೆ. ಚಳಿಗಾಲದ ಒಣಹುಲ್ಲಿನಲ್ಲಿ ಇರುವುದು ನೂರಕ್ಕೆ ಹತ್ತು, ಹೆಚ್ಚೆಂದರೆ ಹದಿನೈದು ಭಾಗ. ಹಾಗಾಗಿ ಚಳಿಯಲ್ಲಿ ಬಾಯಾರಿಕೆ ಕಡಿಮೆ ಎಂದು ನಾವು ಅಂದುಕೊಳ್ಳುವ ಹೊತ್ತಿಗೆ ಕುದುರೆ ತೊಟ್ಟಿಯಿಂದ ಕುಡಿಯಬೇಕಾದ ನೀರು ಹೆಚ್ಚೇ ಆಗಿರುತ್ತದೆ. ಕುಡಿಯದಿದ್ದರೆ ದೊಡ್ಡ ಕರುಳಿನ ತಿರುವಿನಲ್ಲಿ ಮೇವು ಒಣಗಿ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಹೊಟ್ಟೆಶೂಲೆ ಎಂದು ಲಾಯದವರು ಹೆದರುವುದು ಇದಕ್ಕೇ.

ಹಿಮದ ಲೆಕ್ಕ ನೋಡಿ. ಹೊಸದಾಗಿ ಬಿದ್ದ ಹಿಮ ಸುಮಾರು ಹತ್ತು ಬಕೆಟ್ ಕರಗಿದರೆ ಒಂದು ಬಕೆಟ್ ನೀರು. ಒಂದು ಕಿಲೋ ಹಿಮ ಕರಗಲು 80 ಕಿಲೋಕ್ಯಾಲರಿ ಶಾಖ ಬೇಕು, ಆ ನೀರು ಮೈಬಿಸಿಗೆ ಏರಲು ಇನ್ನೂ 38. ಬರೀ ಹಿಮ ತಿಂದು 30 ಲೀಟರ್ ನೀರು ಪಡೆಯುವ ಕುದುರೆ 3,500 ಕಿಲೋಕ್ಯಾಲರಿ ಸುಡಬೇಕು. ಕೆಲಸವಿಲ್ಲದೆ ನಿಂತ ಕುದುರೆಗೆ ಇಡೀ ದಿನಕ್ಕೆ ಬೇಕಾದದ್ದೇ ಸುಮಾರು 16,500. ಮೈ ಬೆಚ್ಚಗಿಟ್ಟುಕೊಳ್ಳಲು ತಿಂದ ಮೇವಿನ ಐದನೇ ಒಂದು ಪಾಲು ಹಿಮ ಕರಗಿಸಲಿಕ್ಕೇ ಹೋಯಿತು.

ಮೊದಲು ತೊಟ್ಟಿ, ಆಮೇಲೆ ಹೀಟರು

ಹೊಸಬರು ನೇರವಾಗಿ ಹೀಟರ್ ಕೊಳ್ಳಲು ಓಡುತ್ತಾರೆ. ಅಕ್ಟೋಬರ್‌ನಲ್ಲೇ, ನೆಲ ಗಟ್ಟಿಯಾಗುವ ಮುಂಚೆ, ತೊಟ್ಟಿಯ ಜಾಗ ಸರಿಮಾಡಿಕೊಂಡರೆ ಕರೆಂಟಿನ ಖರ್ಚು ಎಷ್ಟೋ ಉಳಿಯುತ್ತದೆ. ಬಿಸಿಲು ದಕ್ಷಿಣದಿಂದ ಬೀಳುತ್ತದೆ, ಕೆಟ್ಟ ಗಾಳಿ ವಾಯವ್ಯದಿಂದ ಬೀಸುತ್ತದೆ. ಲಾಯದ ದಕ್ಷಿಣದ ಗೋಡೆಗೆ ತಾಗಿದಂತೆ ತೊಟ್ಟಿ ಇಟ್ಟರೆ ಎರಡೂ ಲಾಭ. ನೂರು ಲೀಟರಿನ ಮೂರು ತೊಟ್ಟಿಗಿಂತ ಮುನ್ನೂರು ಲೀಟರಿನ ಒಂದು ಆಳವಾದ ತೊಟ್ಟಿ ವಾಸಿ. ದೊಡ್ಡ ನೀರು ನಿಧಾನವಾಗಿ ತಣಿಯುತ್ತದೆ.

ನೀರು ಶಾಖ ಕಳೆದುಕೊಳ್ಳುವುದು ಹೆಚ್ಚಾಗಿ ಮೇಲ್ಮೈಯಿಂದ. 4 ಡಿಗ್ರಿಯಲ್ಲಿ ನೀರು ಅತ್ಯಂತ ಭಾರ. ಅದಕ್ಕಿಂತ ತಣ್ಣಗಾದ ನೀರು ಹಗುರಾಗಿ ಮೇಲೆ ಬರುತ್ತದೆ, ಹಾಗಾಗಿ ಐಸ್ ಕಟ್ಟುವುದು ಯಾವಾಗಲೂ ಮೇಲಿನಿಂದ. ಇದರ ಉಪಾಯ ಸುಲಭ: ಎರಡು ಪ್ಲೈವುಡ್ ಹಲಗೆಗಳ ನಡುವೆ ದಪ್ಪ ಫೋಮ್ ಇಟ್ಟು, ತೊಟ್ಟಿಯ ಆಕಾರಕ್ಕೆ ಕತ್ತರಿಸಿ ನೀರಿನ ಮೇಲೆ ತೇಲಬಿಡಿ. ಒಂದು ಕಡೆ ಕುದುರೆಯ ಮೂತಿ ಹಿಡಿಯುವಷ್ಟು ಕಿಂಡಿ ಇರಲಿ. ಕಿಂಡಿ ಇರುವುದು ಗೊತ್ತಾಗಲು ಅವಕ್ಕೆ ಒಂದು ದಿನ ಸಾಕು. ತೊಟ್ಟಿಯ ಹೊರಮೈಗೂ ಹೀಗೇ ಫೋಮ್ ಸುತ್ತಿ ಮೇಲೆ ಹಲಗೆಯ ಪೆಟ್ಟಿಗೆ ಹೊಡೆಯಿರಿ. ಫೋಮ್ ಕಾಣುವಂತೆ ಬಿಟ್ಟಿರೋ, ಮಾರನೆ ದಿನ ಅದು ಕುದುರೆಯ ಹೊಟ್ಟೆಯಲ್ಲಿರುತ್ತದೆ.

ತೊಟ್ಟಿಯ ಸುತ್ತ ಚೆಲ್ಲಿದ ನೀರು ಗಾಜಿನಂಥ ಐಸ್ ಆಗುತ್ತದೆ. ನಾನೇ ಎರಡು ಸಲ ಜಾರಿ ಬಿದ್ದಿದ್ದೇನೆ. ಒಮ್ಮೆ ಜಾರಿದ ಕುದುರೆ ಆ ಜಾಗಕ್ಕೆ ಬರಲು ಹೆದರಿ ನೀರನ್ನೇ ಬಿಡಬಹುದು. ಅಂಚಿನವರೆಗೆ ತುಂಬಿಸಬೇಡಿ, ಸುತ್ತ ಮರಳು ಹಾಕಿ.

ನಲ್ಲಿ

ಮಿನ್ನೆಸೋಟದ ಕಟ್ಟಡ ನಿಯಮದಂತೆ ಪಾಯ ದಕ್ಷಿಣ ಭಾಗದಲ್ಲಿ ಮೂರೂವರೆ ಅಡಿ, ಉತ್ತರದಲ್ಲಿ ಐದು ಅಡಿ ಇಳಿಯಬೇಕು. ನೆಲ ಅಷ್ಟು ಆಳಕ್ಕೆ ಹೆಪ್ಪುಗಟ್ಟುತ್ತದೆ. ಅದಕ್ಕೇ ಇಲ್ಲಿನ ಲಾಯಗಳಲ್ಲಿ ಫ್ರಾಸ್ಟ್-ಫ್ರೀ ಹೈಡ್ರಂಟ್ ಎಂಬ ಉದ್ದ ಕತ್ತಿನ ನಲ್ಲಿ ಇರುತ್ತದೆ. ಹಿಡಿಕೆ ಮೇಲಿದ್ದರೂ ವಾಲ್ವ್ ಇರುವುದು ಆ ಆಳಕ್ಕಿಂತ ಕೆಳಗೆ. ನಲ್ಲಿ ನಿಲ್ಲಿಸಿದಾಗ ಕೊಳವೆಯಲ್ಲಿ ಉಳಿದ ನೀರು ಬುಡದ ಸಣ್ಣ ತೂತಿನಿಂದ ಜಲ್ಲಿಕಲ್ಲಿನೊಳಗೆ ಇಳಿದುಹೋಗುತ್ತದೆ. ಖಾಲಿ ಕೊಳವೆಯಲ್ಲಿ ಹೆಪ್ಪುಗಟ್ಟಲು ಏನೂ ಇರುವುದಿಲ್ಲ.

ಹಾಗೆ ಇಳಿಯಬೇಕಾದರೆ ಮೇಲಿನಿಂದ ಗಾಳಿ ಒಳಬರಬೇಕು. ಮೊದಲ ಡಿಸೆಂಬರಿನಲ್ಲಿ ನಾನು ನಲ್ಲಿಯ ಬಾಯಿಗೆ ಪೈಪು ಸಿಕ್ಕಿಸಿದಂತೆಯೇ ಬಿಟ್ಟು ಮನೆಗೆ ಹೋಗಿದ್ದೆ. ನೀರು ಇಳಿಯಲಿಲ್ಲ, ಬೆಳಗಾಗುವಷ್ಟರಲ್ಲಿ ಕೊಳವೆ ಸೀಳಿತ್ತು. ಯಜಮಾನಿ ಅಜ್ಜಿ ಬೈಯಲಿಲ್ಲ, ಎಂಟು ಬಕೆಟ್ ಕೈಗೆ ಕೊಟ್ಟರು. ಅಡುಗೆಮನೆಯಿಂದ ಲಾಯಕ್ಕೆ ನೂರಿಪ್ಪತ್ತು ಹೆಜ್ಜೆ ಎಂದು ಅವತ್ತು ಎಣಿಸಿದೆ. ಪ್ರತಿ ಸಲ ಪೈಪು ಬಿಚ್ಚಿ, ಹೆಗಲ ಮೇಲೆ ಎಳೆಯುತ್ತಾ ನಡೆದು ನೀರೆಲ್ಲ ಸುರಿಸಿ, ಜೀನು ಇಡುವ ಬೆಚ್ಚಗಿನ ಕೋಣೆಯಲ್ಲಿ ಸುತ್ತಿಡಿ.

ಕರೆಂಟು ಇದ್ದರೆ

ಬಕೆಟ್ಟಿಗೆ: ತಳದಲ್ಲೇ ಕಾಯಿಲ್ ಇರುವ ಬಿಸಿ ಬಕೆಟ್ ಸಿಗುತ್ತದೆ, ಸುಮಾರು 130 ವಾಟ್. ತೊಟ್ಟಿಗೆ: ತೇಲುವ ಅಥವಾ ಮುಳುಗುವ ಡಿ-ಐಸರ್, ಅಂದರೆ ಐಸ್ ಕಟ್ಟದಂತೆ ತಡೆಯುವ ಹೀಟರು, 1,000ದಿಂದ 1,500 ವಾಟ್. ತೇಲುವುದನ್ನು ಕುದುರೆಗಳು ಆಟದ ಸಾಮಾನು ಮಾಡಿಕೊಂಡು ಹೊರಗೆ ಎಸೆಯುತ್ತವೆ. ನನ್ನ ಮತ ಮುಳುಗುವುದಕ್ಕೆ. ಎರಡರಲ್ಲೂ ಥರ್ಮೋಸ್ಟಾಟ್ ಇರುವುದನ್ನೇ ಕೊಳ್ಳಿ. 1,500 ವಾಟಿನದು ದಿನಕ್ಕೆ 12 ಗಂಟೆ ಉರಿದರೆ 18 ಯೂನಿಟ್ ಆಯಿತು. ಪ್ಲೈವುಡ್ಡಿನ ಆ ತೇಲುವ ಮುಚ್ಚಳದ ಬೆಲೆ ಆಗ ತಿಳಿಯುತ್ತದೆ.

ವೈರನ್ನು ಕುದುರೆ ಕಚ್ಚದಂತೆ ಕೊಳವೆಯೊಳಗೆ ಹಾಯಿಸಿ. ಊರಲ್ಲಿ ನಾವು ಇಎಲ್‌ಸಿಬಿ ಅನ್ನುತ್ತೇವಲ್ಲ, ಸೋರಿಕೆಯಾದರೆ ತಾನೇ ಕರೆಂಟ್ ಕಡಿಯುವಂಥದ್ದು, ಇಲ್ಲಿ ಅದಕ್ಕೆ ಜಿಎಫ್‌ಸಿಐ ಎಂದು ಹೆಸರು. ಅದಿಲ್ಲದ ಪ್ಲಗ್ಗಿಗೆ ಹೀಟರ್ ಹಾಕಲೇಬೇಡಿ.

ಕಳೆದ ವರ್ಷ ಒಂದು ಕೆಂಚು ಹೆಣ್ಣುಕುದುರೆ ತೊಟ್ಟಿಯವರೆಗೆ ಬಂದು, ಮೂತಿ ಅದ್ದಿ, ಥಟ್ಟನೆ ತಲೆ ಎತ್ತಿ ಹಿಂದೆ ಸರಿಯುತ್ತಿತ್ತು. ನೀರು ಚೆನ್ನಾಗಿಯೇ ಇತ್ತು, ಐಸ್ ಇರಲಿಲ್ಲ. ಕೈ ಅದ್ದಿ ನೋಡಿದೆ, ಏನೂ ಅನ್ನಿಸಲಿಲ್ಲ. ಕಾಲಲ್ಲಿ ರಬ್ಬರ್ ಬೂಟಿದ್ದವನಿಗೆ ಏನು ಅನ್ನಿಸೀತು? ಕುದುರೆ ನಿಂತದ್ದು ಒದ್ದೆ ನೆಲದಲ್ಲಿ, ಕಬ್ಬಿಣದ ಲಾಳದ ಮೇಲೆ. ಎಲೆಕ್ಟ್ರಿಷಿಯನ್ ಬಂದು ನೀರಿಗೂ ನೆಲಕ್ಕೂ ಮೀಟರ್ ಹಿಡಿದಾಗ ಹಳೆಯ ಹೀಟರಿನಿಂದ ಸಣ್ಣಗೆ ಕರೆಂಟ್ ಸೋರುತ್ತಿರುವುದು ಗೊತ್ತಾಯಿತು. ನಾನು ಮಾಡಿದಂತೆ ಕೈ ಅದ್ದಿ ಪರೀಕ್ಷಿಸುವುದು ಮೂರ್ಖತನ. ಕುದುರೆ ಹಿಂಜರಿದರೆ ಮೊದಲು ಪ್ಲಗ್ ಕಿತ್ತು, ಆಮೇಲೆ ಮೀಟರ್ ತರಿಸಿ.

ಕರೆಂಟು ಇಲ್ಲದಿದ್ದರೆ

ಕಪ್ಪು ರಬ್ಬರ್ ತೊಟ್ಟಿ ತನ್ನಿ. ಚಳಿಗೆ ಪ್ಲಾಸ್ಟಿಕ್ ಬಿರಿಯುತ್ತದೆ, ರಬ್ಬರನ್ನು ಬೋರಲು ಹಾಕಿ ತುಳಿದರೆ ಐಸ್ ಇಡಿಯಾಗಿ ಕಳಚಿಕೊಳ್ಳುತ್ತದೆ. ಅದನ್ನು ಹಳೆಯ ಟೈರಿನೊಳಗೆ ಕೂರಿಸಿ, ಸಂದಿಗೆ ಒಣಹುಲ್ಲು ತುರುಕಿ. ದಿನಕ್ಕೆ ಮೂರು ಸಲ ಐಸ್ ಒಡೆದು, ಚೂರುಗಳನ್ನು ತೂತಿನ ಸೌಟಿನಿಂದ ತೆಗೆದು, ಬಿಸಿನೀರು ಬೆರೆಸಿ ಕೊಡಿ. ಚೂರು ಬಿಟ್ಟರೆ ಅವೇ ಸೇರಿ ಮತ್ತೆ ಬೇಗ ಗಡ್ಡೆ ಕಟ್ಟುತ್ತವೆ.

ಉಪ್ಪುನೀರು ತುಂಬಿದ ಬಾಟಲಿ ತೇಲಬಿಡುವ ಉಪಾಯವನ್ನು ಎಲ್ಲರೂ ಹೇಳುತ್ತಾರೆ. ಬಾಟಲಿಯೊಳಗಿನ ಉಪ್ಪುನೀರು ಬೇಗ ಹೆಪ್ಪುಗಟ್ಟುವುದಿಲ್ಲ ನಿಜ, ಆದರೆ ಅದು ಸುತ್ತಲಿನ ನೀರಿಗೆ ಶಾಖವನ್ನೇನೂ ಕೊಡುವುದಿಲ್ಲ. ಗಾಳಿಗೆ ಅಲುಗಾಡಿ ತೆಳು ಪೊರೆ ಒಡೆದೀತು, ಅಷ್ಟೇ. ಮೈನಸ್ 15ರ ರಾತ್ರಿ ಬಾಟಲಿಯೇ ಐಸಿನಲ್ಲಿ ಹೂತಿರುತ್ತದೆ. ಕುಡಿಯುವ ನೀರಿಗೆ ಉಪ್ಪು ಸುರಿಯುವುದಾಗಲಿ, ಕಾರಿನ ಆಂಟಿಫ್ರೀಜ್ ಹಾಕುವುದಾಗಲಿ ಕೂಡದು. ಆಂಟಿಫ್ರೀಜ್ ವಿಷ.

ಕುಡಿಯುವಂತೆ ಮಾಡುವುದು

7ರಿಂದ 18 ಡಿಗ್ರಿ ನೀರಾದರೆ ಕುದುರೆ ಮನಸಾರೆ ಕುಡಿಯುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮಟ್ಟುಗಳ ಮೇಲೆ, ಅಂದರೆ ಸಣ್ಣ ಜಾತಿಯ ಕುದುರೆಗಳ ಮೇಲೆ, ಪರೀಕ್ಷಿಸಿದಾಗ ಚಳಿಯಲ್ಲಿ ಬೆಚ್ಚಗಿನ ನೀರು ಕೊಟ್ಟವು ಸುಮಾರು ಶೇ 40ರಷ್ಟು ಹೆಚ್ಚು ಕುಡಿದವು. ಇದರ ಬಾಲಂಗೋಚಿ ಇನ್ನೂ ಸ್ವಾರಸ್ಯ: ಬಿಸಿಯದೂ ತಣ್ಣನೆಯದೂ ಅಕ್ಕಪಕ್ಕ ಇಟ್ಟರೆ ಕುದುರೆ ತಣ್ಣನೆಯದನ್ನೇ ಆರಿಸಿಕೊಂಡು, ಕಡಿಮೆ ಕುಡಿಯುತ್ತದೆ. ಹಾಗಾಗಿ ಬಿಸಿ ಬಕೆಟ್ ಇಟ್ಟ ಮೇಲೆ ಪಕ್ಕದ ತಣ್ಣೀರಿನ ತೊಟ್ಟಿ ತೆಗೆದುಬಿಡಿ. ‘ಪಾಪ, ಎರಡೂ ಇರಲಿ’ ಎನ್ನುವ ಕರುಣೆ ಇಲ್ಲಿ ಕೆಲಸ ಕೆಡಿಸುತ್ತದೆ.

ಮೇವಿನ ಜೊತೆ ದಿನಕ್ಕೆ 30ರಿಂದ 50 ಗ್ರಾಂ ಪುಡಿ ಉಪ್ಪು ಕೊಟ್ಟರೆ ಬಾಯಾರಿಕೆ ಹುಟ್ಟುತ್ತದೆ. ನೀರು ಸಿಗುವುದು ಖಾತ್ರಿಯಿದ್ದರೆ ಮಾತ್ರ. ಬೀಟ್‌ರೂಟ್ ಜಾತಿಯ ಸಕ್ಕರೆ ಗಡ್ಡೆಯ ಹಿಂಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಇಟ್ಟರೆ ತಿನ್ನುವ ನೆಪದಲ್ಲೇ ಕೆಲವು ಲೀಟರ್ ಒಳಗೆ ಹೋಗುತ್ತದೆ. ಹಸುವಿಗೆ ಕಲಗಚ್ಚು ಇಟ್ಟು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ, ಲದ್ದಿ ಎಣಿಸಿ. ತಮಾಷೆಯಲ್ಲ. ಆರೋಗ್ಯವಾಗಿರುವ ಕುದುರೆ ದಿನಕ್ಕೆ 8ರಿಂದ 12 ಸಲ ಲದ್ದಿ ಹಾಕುತ್ತದೆ. ಬೆಳಿಗ್ಗೆ ರಾಶಿಗಳು ಎರಡು–ಮೂರಕ್ಕೆ ಇಳಿದಿದ್ದರೆ, ಉಂಡೆಗಳು ಒಣಗಿ ಚಿಕ್ಕದಾಗಿದ್ದರೆ, ತೊಟ್ಟಿಯ ನೀರು ನಿನ್ನೆ ಗುರುತು ಹಾಕಿದ ಗೆರೆಯಲ್ಲೇ ಇದ್ದರೆ, ಒಸಡು ಒತ್ತಿ ನೋಡಿ. ಬೆಳ್ಳಗಾದ ಜಾಗಕ್ಕೆ ಎರಡು ಸೆಕೆಂಡಿನಲ್ಲಿ ಕೆಂಪು ಮರಳಬೇಕು, ಬೆರಳಿಗೆ ಒಸಡು ಒದ್ದೆಯಾಗಿ ತಾಗಬೇಕು. ಇಲ್ಲವಾದರೆ, ಅಥವಾ ಕುದುರೆ ತಿರುತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಾ ನೆಲ ಕೆರೆಯುತ್ತಿದ್ದರೆ, ಮೇವು ತೆಗೆದಿಟ್ಟು ಪಶುವೈದ್ಯರಿಗೆ ಫೋನ್ ಮಾಡಿ. ನಮ್ಮ ಲಾಯದಲ್ಲಿ ಆ ನಂಬರನ್ನು ನಲ್ಲಿಯ ಮೇಲಿನ ಹಲಗೆಗೇ ಬರೆದಿದ್ದಾರೆ, ಕೈಗವಸು ತೆಗೆಯದೆ ಓದುವಷ್ಟು ದಪ್ಪ ಅಕ್ಷರದಲ್ಲಿ.