ಕಂಪ್ಯೂಟರಿನ ಪ್ರೊಸೆಸರ್ ಬದಲಿಸಬೇಕೋ ಬೇಡವೋ: ದುಡ್ಡು ಹಾಕುವ ಮುಂಚೆ ನೋಡಿಕೊಳ್ಳಬೇಕಾದ್ದು

ಕುಮಟಾದ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಎಕ್ಸ್‌ಪೋರ್ಟ್ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಶಿರಸಿಯ ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವ ಟ್ಯಾಲಿ ತೆರೆದುಕೊಳ್ಳುವಷ್ಟರಲ್ಲಿ ಚಹಾ ಕುಡಿದು ಬರಬಹುದು. ಎರಡೂ ಕಡೆ ಕೇಳಿಬರುವ ಮಾತು ಒಂದೇ: "ಪ್ರೊಸೆಸರ್ ಹಳೇದಾಯ್ತು." ಮೊದಲನೆಯ ಕಡೆ ಅದು ನಿಜವಿರಬಹುದು. ಎರಡನೆಯ ಕಡೆ ತಪ್ಪು ಹೆಚ್ಚಾಗಿ ಹಾರ್ಡ್ ಡಿಸ್ಕಿನದು; ಅಲ್ಲಿ ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಹಾಕಿದರೆ ಮುಗಿಯಿತು.

ಅದಕ್ಕೇ ಮೊದಲು ಅಳೆಯಿರಿ. ಯಾವ ಕೆಲಸ ನಿಧಾನವೋ ಅದನ್ನೇ ಮಾಡುತ್ತ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟ ತೆರೆಯಿರಿ. ಡಿಸ್ಕ್ ಶೇಕಡಾ 100ಕ್ಕೆ ಮುಟ್ಟಿ ಸಿಪಿಯು (ಅಂದರೆ ಪ್ರೊಸೆಸರ್) 20ರಲ್ಲಿದ್ದರೆ ಪ್ರೊಸೆಸರ್ ಸುಮ್ಮನೆ ಕಾಯುತ್ತಿದೆ ಎಂದರ್ಥ. ಮೆಮೊರಿ 90 ದಾಟಿದ್ದರೆ ರ‍್ಯಾಮ್ ಸಾಲುತ್ತಿಲ್ಲ. ಸಿಪಿಯು ಒಂದೇ ಸಮನೆ 95–100ರಲ್ಲಿ ನಿಂತರೆ ಮಾತ್ರ ಮುಂದಿನ ಮಾತು.

ಇದಕ್ಕೆ ಒಂದು ಅಪವಾದವಿದೆ, ಬಹಳ ಜನ ಎಡವುವುದು ಅಲ್ಲೇ. ನಾಲ್ಕು ಕೋರಿನ (ಒಳಗೆ ಕೆಲಸ ಮಾಡುವ ನಾಲ್ಕು ಘಟಕಗಳಿರುವ) ಪ್ರೊಸೆಸರಿನಲ್ಲಿ ಸಿಪಿಯು 25 ಎಂದು ತೋರಿಸಿದರೆ ಆರಾಮಾಗಿದೆ ಎಂದುಕೊಳ್ಳಬೇಡಿ. ಗ್ರಾಫಿನ ಮೇಲೆ ಬಲಗಡೆ ಕ್ಲಿಕ್ ಮಾಡಿ ಲಾಜಿಕಲ್ ಪ್ರೊಸೆಸರ್ ನೋಟಕ್ಕೆ ಬದಲಿಸಿ ನೋಡಿ. ಒಂದೇ ಕೋರ್ ಪೂರ್ತಿ ತುಂಬಿ ಉಳಿದ ಮೂರು ಖಾಲಿ ಕೂತಿರಬಹುದು. ಅಂಥ ಕೆಲಸಕ್ಕೆ ಕೋರ್ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಒಂದೊಂದು ಕೋರೂ ವೇಗವಾಗಿರುವ ಹೊಸ ಪೀಳಿಗೆಯದೇ ಬೇಕು.

ಅದೇ ಪುಟದಲ್ಲಿ ಸ್ಪೀಡ್ ನೋಡಿ. ಉದಾಹರಣೆಗೆ, ಇಂಟೆಲ್ ಪ್ರೊಸೆಸರ್ ಐ3-8100ರ ಮೂಲ ವೇಗ 3.6 ಗಿಗಾಹರ್ಟ್ಸ್. ಪೂರ್ತಿ ಕೆಲಸದಲ್ಲಿರುವಾಗ ಅದು ಎರಡೂವರೆಗೆ ಇಳಿದರೆ ಮೊದಲ ಅನುಮಾನ ಬಿಸಿಯ ಮೇಲೆ. ಕಾರವಾರ, ಅಂಕೋಲಾ ಕಡೆ ಏಪ್ರಿಲ್–ಮೇನಲ್ಲಿ ಇದು ಮಾಮೂಲು. ಪ್ರೊಸೆಸರ್ ಮೇಲೆ ಕೂರುವ ಕೂಲರಿನ ಸಂದಿಯ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟನ್ನು (ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಲೇಪ) ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿ ಮತ್ತೆ ಅಳೆಯಿರಿ. ಕಡಲ ಗಾಳಿಗೆ ರ‍್ಯಾಮಿನ ಅಂಚಿನ ಲೋಹದ ಪಟ್ಟಿಗಳು ಮಂಕಾಗಿದ್ದರೆ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆಯಿರಿ.

ಇಷ್ಟಾದರೂ ಪ್ರೊಸೆಸರೇ ಸಾಲದು ಎನ್ನಿಸಿದರೆ ಮದರ್‌ಬೋರ್ಡಿನ ಹೆಸರು, ಬಯಾಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಆವೃತ್ತಿ ಬರೆದುಕೊಳ್ಳಿ. ಎರಡೂ ವಿಂಡೋಸಿನ ಸಿಸ್ಟಮ್ ಇನ್ಫರ್ಮೇಶನ್‌ನಲ್ಲಿ ಸಿಗುತ್ತವೆ. ಬೋರ್ಡ್ ತಯಾರಕರ ಪ್ರೊಸೆಸರ್ ಪಟ್ಟಿಯೇ ಕೊನೆಯ ಮಾತು, ಸಾಕೆಟ್ಟಿನ (ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೆಸರು ನಂಬಬೇಡಿ. ಇಂಟೆಲ್‌ನ 6, 7ನೇ ಪೀಳಿಗೆಗೂ 8, 9ನೇ ಪೀಳಿಗೆಗೂ ಸಾಕೆಟ್ ಹೆಸರು 1151 ಎಂದೇ ಇದ್ದರೂ 6, 7ನೇ ಪೀಳಿಗೆಗೆ ಬಂದ ಎಚ್110 ಬೋರ್ಡಿನಲ್ಲಿ 8ನೇ ಪೀಳಿಗೆಯದು ನಡೆಯುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ಪೀಳಿಗೆಯಿಂದ ಮೇಲಿನದು ಬೇಕು. ಹಾಗಾಗಿ ಎಚ್110 ಬೋರ್ಡಿಗೆ 7ನೇ ಪೀಳಿಗೆಯ ಐ7-7700 ಹುಡುಕಿ ತರುವುದು ದಂಡ. ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಕೂರುವ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರ ಅದೃಷ್ಟ ಚೆನ್ನಾಗಿದೆ: ರೈಜನ್ 1000 ಸರಣಿಯ ಕಾಲದ ಎಷ್ಟೋ ಬೋರ್ಡ್‌ಗಳು ಬಯಾಸ್ ಅಪ್‌ಡೇಟ್ ಆದ ಮೇಲೆ ರೈಜನ್ 5 5600ನ್ನು ತೆಗೆದುಕೊಳ್ಳುತ್ತವೆ.

ಇನ್ನು ಲೆಕ್ಕ. ಐ3-8100ರಿಂದ ಆರು ಕೋರಿನ ಐ5-9400ಕ್ಕೆ ಹೋದರೆ, ಎಲ್ಲ ಕೋರನ್ನೂ ಬಳಸುವ ಕೆಲಸ ಸುಮಾರು ಒಂದೂವರೆ ಪಟ್ಟು ಬೇಗ ಆಗಬಹುದು. 45 ನಿಮಿಷದ ಎಕ್ಸ್‌ಪೋರ್ಟ್ 30ಕ್ಕೆ ಇಳಿಯಿತು ಎನ್ನಿ. ದಿನಕ್ಕೆ ನಾಲ್ಕು ಎಕ್ಸ್‌ಪೋರ್ಟ್ ಇದ್ದರೆ ಒಂದು ಗಂಟೆ ಉಳಿಯಿತು, ದುಡ್ಡು ಹಾಕಿ. ವಾರಕ್ಕೊಂದೇ ಆದರೆ ರಾತ್ರಿ ಹಚ್ಚಿಟ್ಟು ಮಲಗಿದರಾಯಿತು. ಬೋರ್ಡೂ ಬದಲಿಸಬೇಕಾದರೆ ಅದರ ಜೊತೆ ರ‍್ಯಾಮ್, ಕೆಲವೊಮ್ಮೆ ಕೂಲರ್ ಕೂಡ ಖರ್ಚಿನ ಪಟ್ಟಿಗೆ ಬರುತ್ತದೆ. ಎಎಂಡಿಯ ಮುಂದಿನ ಸಾಕೆಟ್ ಎಎಂ5ರ ಬೋರ್ಡಿಗೆ ಡಿಡಿಆರ್5 ಬಿಟ್ಟರೆ ಬೇರೆ ಬಗೆಯ ಮೆಮೊರಿ ಕೂರುವುದಿಲ್ಲ. ಒಟ್ಟು ಖರ್ಚು ಹೊಸ ಕಂಪ್ಯೂಟರಿನ ಅರ್ಧ ಬೆಲೆ ದಾಟಿದರೆ ತಡೆದು, ಪೂರ್ತಿ ಹೊಸದನ್ನೇ ಕೊಳ್ಳುವುದು ವಾಸಿ.

ಹುಬ್ಬಳ್ಳಿಯಿಂದ ತರಿಸುವಾಗ ಹೆಸರಿನ ಕೊನೆಯ ಅಕ್ಷರ ನೋಡಿ. ಐ5-12400ಎಫ್‌ನಂಥ ಎಫ್ ಪ್ರೊಸೆಸರಿನಲ್ಲೂ ರೈಜನ್ 5 5600ರಲ್ಲೂ ಒಳಗಿನ ಗ್ರಾಫಿಕ್ಸ್ (ಪರದೆಗೆ ಚಿತ್ರ ಕಳಿಸುವ ಭಾಗ) ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಪರದೆ ಕಪ್ಪಗೇ ಇರುತ್ತದೆ, ಪ್ರೊಸೆಸರ್ ಸುಟ್ಟಿದೆ ಎಂದು ಜನ ವಾಪಸ್ ಕಳಿಸುತ್ತಾರೆ.

ಬಯಾಸ್ ಅಪ್‌ಡೇಟ್ ಮಾಡಬೇಕಾದ್ದು ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ, ಯುಪಿಎಸ್ ಮೇಲೆ. ನಡುವೆ ಕರೆಂಟ್ ಹೋದರೆ ಬೋರ್ಡೇ ಏಳದೆ ಹೋಗಬಹುದು. ಗುಡುಗು-ಮಳೆಯ ಮಧ್ಯಾಹ್ನ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿನ ಡೇಟಾಕ್ಕೆ ಬೀಗ ಹಾಕುವ ವ್ಯವಸ್ಥೆ) ಇದ್ದರೆ ಬೀಗ ತೆಗೆಯುವ ರಿಕವರಿ ಕೀಯನ್ನು ಮೊದಲೇ ಕಾಗದದ ಮೇಲೆ ಬರೆದಿಡಿ. ಪ್ರೊಸೆಸರ್ ಬದಲಾದೊಡನೆ ಅದನ್ನು ಕೇಳುವುದುಂಟು, ಕೀ ಇಲ್ಲದಿದ್ದರೆ ಡೇಟಾ ಒಳಗೇ ಉಳಿಯುತ್ತದೆ.

ಎಎಂ4ನಲ್ಲಿ ಕೂಲರನ್ನು ನೇರ ಮೇಲಕ್ಕೆ ಎಳೆದರೆ ಅಂಟಿದ ಪ್ರೊಸೆಸರೂ ಕಿತ್ತು ಬಂದು ಅದರ ಪಿನ್ ಬಾಗಬಹುದು. ಹತ್ತು ನಿಮಿಷ ಕಂಪ್ಯೂಟರ್ ನಡೆಸಿ ಪೇಸ್ಟ್ ಬೆಚ್ಚಗಾದ ಮೇಲೆ, ಆಫ್ ಮಾಡಿ ವೈರ್ ತೆಗೆದು, ಕೂಲರನ್ನು ಎಡಕ್ಕೆ ಬಲಕ್ಕೆ ತಿರುಗಿಸುತ್ತ ಬಿಡಿಸಿ. ಇಂಟೆಲ್‌ನಲ್ಲಿ ಪಿನ್ ಬೋರ್ಡಿನಲ್ಲೇ ಇರುತ್ತದೆ, ಸಾಕೆಟ್ಟಿಗೆ ಬೆರಳು ತಾಗಿಸಬೇಡಿ.

ಹೊಸದು ಹಾಕಿದ ಮೇಲೆ ಅದೇ ಎಕ್ಸ್‌ಪೋರ್ಟ್ ಹಚ್ಚಿ ನಿಮಿಷ ಎಣಿಸಿ. ಹಳೆಯ ಪ್ರೊಸೆಸರನ್ನು ಹೊಸದು ಬಂದ ಪ್ಲಾಸ್ಟಿಕ್ ಕವಚದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಮುಚ್ಚಿಡಿ. ಹದಿನೈದು ದಿನ ಯಾವ ತಕರಾರೂ ಬರಲಿಲ್ಲವೆಂದರೆ ಆಮೇಲೆ ಮಾರಬಹುದು.